ತಾಳವೇ ಇಲ್ಲದ ಆಲ್ಬಮ್‌ನಲ್ಲಿ ರಾಕ್ ಎಲ್ಲಿದೆ?

ಜರ್ಮನಿಯ ಎಲೆಕ್ಟ್ರಾನಿಕ್ ಸಂಗೀತ ತಂಡ ಟ್ಯಾಂಜರೀನ್ ಡ್ರೀಮ್‌ನ ‘ತ್ಸೈಟ್’ ಆಲ್ಬಮ್‌ನಲ್ಲಿ ತಾಳವೂ ಇಲ್ಲ, ಹಾಡೂ ಇಲ್ಲ, ಹೀಗಿರುವಾಗ ಅದರ ಮೇಲೆ ಸೈಕಡೆಲಿಕ್ ರಾಕ್‌ನ (ಕನಸಿನಂಥ ಅಮಲಿನ ಅನುಭವವನ್ನು ನಾದದಲ್ಲಿ ಹಿಡಿಯಲು ಹೊರಟ ಅರವತ್ತರ ದಶಕದ ರಾಕ್) ಪ್ರಭಾವವಿದೆ ಎನ್ನುವುದು ಹೇಗೆ ಎಂದು ತಾವು ಕೇಳಿದ್ದೀರಿ. ಪ್ರಭಾವ ಇದೆ, ಆದರೆ ಅದನ್ನು ವಾದ್ಯಗಳ ಅಬ್ಬರದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಬರ್ಲಿನ್ನಿನ ಈ ತಂಡ 1970ರಲ್ಲಿ ತಂದ ಮೊದಲ ಆಲ್ಬಮ್‌ನಲ್ಲಿ ಎಡ್ಗರ್ ಫ್ರೋಜೆಯ ಗಿಟಾರ್ ಮತ್ತು ಕ್ಲಾಸ್ ಶುಲ್ಟ್ಸೆಯ ಡ್ರಮ್ಸ್ ಸಾಕಷ್ಟು ಗದ್ದಲವೆಬ್ಬಿಸಿದ್ದವು. 1972ರ ‘ತ್ಸೈಟ್’ ಎರಡು ಎಲ್‌ಪಿಗಳದ್ದು. ಒಂದೊಂದು ಬದಿಗೆ ಒಂದೇ ಕೃತಿಯಂತೆ ಒಟ್ಟು ನಾಲ್ಕು, ಸುಮಾರು 75 ನಿಮಿಷ. ಇದನ್ನು ಕೇಳುವ ಮುಂಚೆ ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 1968ರ ‘ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್’ ಎಂಬ ದೀರ್ಘ ಕೃತಿಯ ಮೊದಲ ಕೆಲವು ನಿಮಿಷಗಳನ್ನು ಕೇಳಿ. ಅಲ್ಲಿ ಡ್ರಮ್ಸ್ ಇನ್ನೂ ಲಯ ಹಿಡಿದಿರುವುದಿಲ್ಲ, ಆರ್ಗನ್ ಮತ್ತು ತಾಳತಟ್ಟೆಗಳ ನಾದ ಮಾತ್ರ ಹಬ್ಬುತ್ತಿರುತ್ತದೆ. ರಾಕ್ ತಂಡಗಳು ಪೀಠಿಕೆಯಾಗಿ ಬಳಸುತ್ತಿದ್ದ ಅಂಥ ಭಾಗವನ್ನೇ ‘ತ್ಸೈಟ್’ ಇಡೀ ಕೃತಿಯನ್ನಾಗಿ ಹಿಗ್ಗಿಸಿತು ಎಂಬುದು ನನ್ನ ಅಭಿಪ್ರಾಯ. ನಾಲ್ಕು ಚೆಲ್ಲೋಗಳಿಂದ (ಪಿಟೀಲಿನ ಜಾತಿಯ ದೊಡ್ಡ, ಮಂದ್ರ ನಾದದ ವಾದ್ಯ) ತೊಡಗುವ ಮೊದಲ ಬದಿಯಲ್ಲಿ ಪೊಪೋಲ್ ವೂ ಎಂಬ ಇನ್ನೊಂದು ಜರ್ಮನ್ ತಂಡದ ಫ್ಲೋರಿಯಾನ್ ಫ್ರಿಕೆ, ವಿದ್ಯುತ್ತಿನಿಂದ ನಾದ ಹುಟ್ಟಿಸುವ ಮೂಗ್ ಸಿಂಥಸೈಸರ್ ನುಡಿಸಿದ್ದಾರೆ. ಫ್ರೋಜೆಯ ಗಿಟಾರ್ ಆಲ್ಬಮ್‌ನಲ್ಲಿ ಉಳಿದಿದ್ದರೂ ಮೀಟು ಬಿಟ್ಟುಹೋಗಿ ಜಾರುನಾದವಷ್ಟೇ ಉಳಿದಿದೆ.

ತಂಬೂರಿಯ ಶ್ರುತಿಗೆ ‘ತ್ಸೈಟ್’ ಅನ್ನು ಹೋಲಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ, ಶ್ರುತಿ ಇನ್ನೊಂದಕ್ಕೆ ಆಧಾರ, ಇಲ್ಲಿ ಆಧಾರವೇ ವಿಷಯ. ಮಡಿಕೇರಿ ಸಮೀಪದ ನಮ್ಮ ಮನೆಯಲ್ಲಿ ಜುಲೈ ತಿಂಗಳಲ್ಲಿ ಇದನ್ನು ಮೊದಲು ಹಾಕಿದಾಗ, ಹೆಂಚಿನ ಮೇಲಿನ ಮಳೆಯ ಸದ್ದಿನಲ್ಲಿ ಚೆಲ್ಲೋಗಳ ಕೆಳಸ್ವರಗಳೆಲ್ಲ ಮುಳುಗಿಹೋಗಿ, ಅರ್ಧಕ್ಕೇ ನಿಲ್ಲಿಸಿದೆ. ಇದರ ಮರ್ಮ ತಿಳಿದದ್ದು ಮಾರ್ಚ್‌ನಲ್ಲಿ. ಕಾಫಿ ಹೂವರಳಿಸುವ ಹೂಮಳೆ ಬಾರದೆ, ಗಿಡಗಳಿಗೆ ಸ್ಪ್ರಿಂಕ್ಲರ್ ಹಾಕಲು ಕೆರೆಯ ಪಕ್ಕದ ಡೀಸೆಲ್ ಪಂಪ್ ರಾತ್ರಿಯಿಡೀ ಓಡುತ್ತಿತ್ತು. ಬೆಳಗಿನ ಜಾವ ಅದು ನಿಂತಾಗಲೇ, ಅಷ್ಟು ಹೊತ್ತು ಒಂದು ಸದ್ದು ಇತ್ತು ಎಂಬುದು ನನ್ನ ಕಿವಿಗೆ ಬಂದದ್ದು. ‘ತ್ಸೈಟ್’ನಲ್ಲಿಯೂ ಒಂದು ನಾದ ಕರಗಿ ಇನ್ನೊಂದು ಬಂದು ಕುಳಿತ ಮೇಲೆಯೇ ಬದಲಾವಣೆ ಗೊತ್ತಾಗುತ್ತದೆ.

ಆದ್ದರಿಂದ ಮಳೆಯಿಲ್ಲದ ರಾತ್ರಿ, ಫೋನಿನ ಸ್ಪೀಕರ್ ಬಿಟ್ಟು ಹೆಡ್‌ಫೋನ್‌ನಲ್ಲಿ, ಒಮ್ಮೆಗೆ ಒಂದೇ ಬದಿಯನ್ನು ಕೇಳಿ. ಅದೂ ಬೇಸರವೆನಿಸಿದರೆ ಇದೇ ತಂಡದ 1974ರ ‘ಫೀಡ್ರಾ’ ಇದೆ. ಅದರಲ್ಲಿ ಸ್ವರಗಳ ಸಾಲನ್ನು ತಾನಾಗಿ ಮತ್ತೆ ಮತ್ತೆ ನುಡಿಸುವ ಸೀಕ್ವೆನ್ಸರ್‌ ಯಂತ್ರದ ಮಿಡಿತವಾದರೂ ಕೈ ಹಿಡಿದು ನಡೆಸುತ್ತದೆ.