‘ನಿರ್ವಾಣ ಇನ್ ಫೈರ್’ ನೋಡಿ ಮುಗಿಸಿದೆ. ಹು ಗೆ ನಿಜವಾಗಿಯೂ ಅಷ್ಟು ದೊಡ್ಡ ನಟನೇ, ಇಲ್ಲ ಇದು ಅಭಿಮಾನಿಗಳ ಅಬ್ಬರವೇ?

ಈ ಚೀನೀ ಧಾರಾವಾಹಿಯ 54 ಕಂತುಗಳನ್ನೂ ಹದಿನೈದು ದಿನಗಳಲ್ಲಿ ನೋಡಿ ಮುಗಿಸಿದೆ ಎಂದು ಬರೆದಿದ್ದೀರಿ. ಹು ಗೆ ಮಾಡಿದ ನಾಯಕ ಇಡೀ ಕಥೆಯಲ್ಲಿ ಕುಳಿತುಕೊಂಡೇ ಇರುತ್ತಾನೆ, ಕೆಮ್ಮುತ್ತಾನೆ, ಮೆಲುದನಿಯಲ್ಲಿ ಮಾತನಾಡುತ್ತಾನೆ, ಇದರಲ್ಲಿ ಅಂಥ ಅಭಿನಯ ಏನಿದೆ ಎಂಬುದು ನಿಮ್ಮ ಮೊದಲ ಪ್ರಶ್ನೆ. ಚೀನಾದ ಅಭಿಮಾನಿಗಳು ಮತ ಒತ್ತಿ ಒತ್ತಿ ಯಾರನ್ನು ಬೇಕಾದರೂ ಮೇಲಕ್ಕೇರಿಸುತ್ತಾರಂತಲ್ಲ ಎಂಬುದು ಎರಡನೆಯದು. ನಾನು ಏಳೆಂಟು ವರ್ಷಗಳಿಂದ ಹು ಗೆ ಅವರ ಅಭಿಮಾನಿ. ಹಾಗಾಗಿ ನನ್ನ ಉತ್ತರದಲ್ಲಿ ಪ್ರೀತಿ ಇದ್ದೇ ಇರುತ್ತದೆ. ಆದರೂ ಹೇಳುವುದನ್ನೆಲ್ಲ ನೀವು ನೋಡಿದ ಧಾರಾವಾಹಿಯಲ್ಲೇ ತೋರಿಸಿ ಹೇಳುತ್ತೇನೆ.

ಹಿಮ ಬೀಳುವ ಆ ದೃಶ್ಯಕ್ಕೆ ಮತ್ತೊಮ್ಮೆ ಹೋಗಿ. ರಾಜಕುಮಾರ ಜಿಂಗ್‌ಯಾನ್ ತಪ್ಪು ತಿಳಿದುಕೊಂಡಿದ್ದಾನೆ. ಇಬ್ಬರ ಮನೆಗಳ ನಡುವಿನ ಗುಪ್ತ ಸುರಂಗದ ಗಂಟೆಯನ್ನು ಕತ್ತರಿಸಿ ಹಾಕಿ, ಇನ್ನು ನಿನಗೂ ನನಗೂ ಸಂಬಂಧವಿಲ್ಲ ಎಂದಿದ್ದಾನೆ. ಅವನ ಸಲಹೆಗಾರ, ಅಂದರೆ ಹು ಗೆ ಅವರ ಪಾತ್ರವಾದ ಕಾಯಿಲೆಯ ಮೆಯ್ ಚಾಂಗ್‌ಸು, ಆ ಚಳಿಯಲ್ಲಿ ಅವನನ್ನು ತಡೆಯಲು ಬಂದಿದ್ದಾನೆ. ಜಿಂಗ್‌ಯಾನ್ ಬೆನ್ನು ಹಾಕಿ ಹೊರಡುತ್ತಾನೆ. ಅದುವರೆಗಿನ ಅಷ್ಟೂ ಕಂತುಗಳಲ್ಲಿ ತಲೆ ಬಾಗಿಸಿ ‘ಪ್ರಭು’ ಎಂದೇ ಕರೆಯುತ್ತಿದ್ದ ಸಲಹೆಗಾರ ಒಮ್ಮೆಲೇ ಅವನ ಪೂರ್ತಿ ಹೆಸರು ಹಿಡಿದು ಕೂಗಿ, ನಿಲ್ಲು ಎನ್ನುತ್ತಾನೆ. ನಿನ್ನಲ್ಲಿ ಪ್ರೀತಿಯಿದೆ, ನಿಷ್ಠೆಯಿದೆ, ಬುದ್ಧಿ ಮಾತ್ರ ಯಾಕಿಲ್ಲ ಎಂದು ಬೈಯುತ್ತಾನೆ. ಆ ಒಂದು ಕೂಗಿನಲ್ಲಿ ಮೆಯ್ ಚಾಂಗ್‌ಸು ಇಲ್ಲ. ಹದಿಮೂರು ವರ್ಷಗಳ ಹಿಂದೆ ಸತ್ತುಹೋದನೆಂದು ಎಲ್ಲರೂ ನಂಬಿರುವ ಲಿನ್ ಶು ಇದ್ದಾನೆ (ಮೆಯ್ ಚಾಂಗ್‌ಸು ನಿಜದಲ್ಲಿ ಅವನೇ), ಒಟ್ಟಿಗೆ ಬೆಳೆದ ಗೆಳೆಯನನ್ನು ಗದರಿಸುವ ಸಲಿಗೆ ಇದೆ. ಕೂಗಿದ ಮರುಕ್ಷಣ ಉಸಿರು ಸಾಲದೆ ಮತ್ತೆ ರೋಗಿಯಾಗುತ್ತಾನೆ. ಆ ಕುಳಿತ ಕಂತುಗಳು, ಆ ಮೆಲುದನಿ, ಆ ಕೆಮ್ಮು ಎಲ್ಲವೂ ಈ ಕೂಗಿಗಾಗಿ ಕೂಡಿಟ್ಟ ಹಣದ ಹಾಗೆ. ಮೊದಲಿನಿಂದ ಸ್ವಲ್ಪ ಸ್ವಲ್ಪವೇ ಖರ್ಚು ಮಾಡಿದ್ದರೆ ಅಲ್ಲಿ ಕೊಡಲು ಏನೂ ಉಳಿಯುತ್ತಿರಲಿಲ್ಲ.

ಇನ್ನೊಂದು ವಿಷಯವನ್ನು ನನಗೆ ತೋರಿಸಿಕೊಟ್ಟವರು ನನ್ನ ಅಮ್ಮ. ಅವರಿಗೆ ಇಂಗ್ಲಿಷ್ ಅಡಿಬರಹ ಓದಲು ಬರುವುದಿಲ್ಲ. ಅಡಿಕೆ ಸುಲಿಯುತ್ತ ನನ್ನ ಪಕ್ಕದಲ್ಲಿ ಕುಳಿತು ನೋಡುತ್ತಿದ್ದವರು, “ಈ ಹುಡುಗ ಯೋಚನೆಗೆ ಬಿದ್ದಾಗಲೆಲ್ಲ ಬೆರಳಿನಲ್ಲಿ ಬಟ್ಟೆ ತಿಕ್ಕುತ್ತಾನಲ್ಲ, ಏನೋ ಮುಚ್ಚಿಡುತ್ತಿದ್ದಾನೆ” ಎಂದರು. ಆ ಬೆರಳಿನ ಚಾಳಿ ಲಿನ್ ಶುವಿನದು. ಮುಖ ಬದಲಾಯಿತು, ದನಿ ಬದಲಾಯಿತು, ಕುದುರೆ ಏರುವ ಶಕ್ತಿ ಹೋಯಿತು, ಬೆರಳಿಗೆ ಮಾತ್ರ ಹಳೆಯ ನೆನಪು ಉಳಿಯಿತು. ಜಿಂಗ್‌ಯಾನ್ ಅದನ್ನು ಗಮನಿಸುವುದು ಎಷ್ಟೋ ಕಂತುಗಳ ಬಳಿಕ. ಹೆಜಲ್‌ನಟ್ ತಿಂಡಿಯ ಪ್ರಸಂಗವೂ ಹಾಗೆಯೇ. ಲಿನ್ ಶುವಿಗೆ ಅದು ಆಗದೆಂದು ಗೊತ್ತಿರುವ ಜಿಂಗ್‌ಯಾನ್‌ನ ತಾಯಿ ಎರಡು ಡಬ್ಬಿಗಳಲ್ಲಿ ಬೇರೆ ಬೇರೆ ತಿಂಡಿ ಕಳಿಸುತ್ತಾಳೆ. ಎರಡನೆಯ ಸಲ ನೋಡುವಾಗ ಕಥೆಯನ್ನು ಬಿಟ್ಟು ಹು ಗೆ ಅವರ ಕೈಗಳನ್ನಷ್ಟೇ ನೋಡಿ. ಏನನ್ನೂ ಮಾಡುತ್ತಿಲ್ಲ ಎಂದು ನಿಮಗೆ ಅನ್ನಿಸಿದ ಕಂತುಗಳಲ್ಲಿ ಎಷ್ಟು ನಡೆದಿದೆ ಎಂಬುದು ಆಗ ಕಾಣುತ್ತದೆ.

ಈಗ ಅಭಿಮಾನಿಗಳ ನಡುವೆ ಮತ್ತೆ ಮತ್ತೆ ಚರ್ಚೆಯಾಗುವ ವಿಷಯಕ್ಕೆ ಬರುತ್ತೇನೆ: ಅವರ ಮುಖ.

ಹು ಗೆ ಹುಟ್ಟಿದ್ದು 1982ರಲ್ಲಿ, ಶಾಂಘೈಯಲ್ಲಿ. ಕಲಿತದ್ದು ಅಲ್ಲಿನ ರಂಗಶಾಲೆ ಶಾಂಘೈ ಥಿಯೇಟರ್ ಅಕಾಡೆಮಿಯಲ್ಲಿ. 2005ರಲ್ಲಿ ಬಂದ ‘ಚೈನೀಸ್ ಪಾಲಡಿನ್’ ಅವರನ್ನು ಮನೆಮಾತಾಗಿಸಿತು. ಒಂದು ಕಂಪ್ಯೂಟರ್ ಆಟದಿಂದ ಹುಟ್ಟಿದ ಕಥೆ ಅದು. ವಸತಿಗೃಹ ನಡೆಸುವ ಚಿಕ್ಕಮ್ಮನ ಆಸರೆಯಲ್ಲಿ ಬೆಳೆದು ಖಡ್ಗವೀರನಾಗುವ ಕನಸು ಕಾಣುವ ಲೀ ಶಾವ್ಯಾವ್ ಎಂಬ ತುಂಟ ಹುಡುಗನ ಪಾತ್ರ. ಚೆಲುವ, ಚುರುಕು, ನಕ್ಕರೆ ಪರದೆಯ ತುಂಬ ಬೆಳಕು. ಮರುವರ್ಷ, 2006ರ ಆಗಸ್ಟ್ 29ರಂದು, ಶಾಂಘೈ–ಹಾಂಗ್‌ಝೌ ಹೆದ್ದಾರಿಯಲ್ಲಿ ಅವರಿದ್ದ ಕಾರು ಅಪಘಾತಕ್ಕೀಡಾಯಿತು. ಅವರ ಸಹಾಯಕಿ ತೀರಿಕೊಂಡರು. ಹು ಗೆ ಅವರ ಮುಖಕ್ಕೆ ಮತ್ತು ಕುತ್ತಿಗೆಗೆ ನೂರಕ್ಕೂ ಹೆಚ್ಚು ಹೊಲಿಗೆ ಬಿದ್ದವು. ಆಗ ಅವರಿಗೆ 24 ತುಂಬಲು ಮೂರು ವಾರ ಬಾಕಿ ಇತ್ತು. ಗುವೊ ಜಿಂಗ್ ಎಂಬ ವೀರನ ಪಾತ್ರದ ಚಿತ್ರೀಕರಣ ಅರ್ಧಕ್ಕೆ ನಿಂತು, ಸುಮಾರು ಒಂದು ವರ್ಷದ ಮೇಲೆ ಮತ್ತೆ ಶುರುವಾಯಿತು. ಆ ಧಾರಾವಾಹಿ 2008ರಲ್ಲಿ ಪ್ರಸಾರವಾಯಿತು. ಬಲಗಣ್ಣಿನ ಸುತ್ತಲಿನ ಗಾಯದ ಗುರುತನ್ನು ಕೂದಲು ಇಳಿಬಿಟ್ಟು ಮರೆಸುತ್ತಿದ್ದ ವರ್ಷಗಳು ಅವು.

ಹಳೆಯ ಅಭಿಮಾನಿಗಳಲ್ಲಿ ಒಂದು ಗುಂಪು, ಅಪಘಾತಕ್ಕೆ ಮುಂಚಿನ ಹು ಗೆ ಬೇರೆ, ಆಮೇಲಿನವರು ಬೇರೆ ಎನ್ನುತ್ತದೆ. ಇನ್ನೊಂದು ಗುಂಪಿಗೆ ಆ ಮಾತು ಕೇಳಿದರೆ ನೋವಾಗುತ್ತದೆ. ನಟನ ದುಃಖವನ್ನು ಅವನ ಕಲೆಗೆ ಕಾರಣವೆಂದು ಹೇಳಬೇಡಿ, ಅವರು ಕಷ್ಟಪಟ್ಟು ಕಲಿತದ್ದನ್ನು ಅಪಘಾತದ ಲೆಕ್ಕಕ್ಕೆ ಬರೆಯಬೇಡಿ ಎಂಬುದು ಅವರ ವಾದ. ನಾನು ಬಹುಕಾಲ ಮೊದಲ ಗುಂಪಿನಲ್ಲಿದ್ದೆ. ಈಗ ಎರಡನೆಯವರ ಮಾತೇ ಸರಿಯೆನಿಸುತ್ತದೆ. ಏಕೆಂದರೆ ಅಪಘಾತಕ್ಕೂ ಮೆಯ್ ಚಾಂಗ್‌ಸುವಿಗೂ ನಡುವೆ ಒಂದು ದೊಡ್ಡ ಮೆಟ್ಟಿಲಿದೆ, ಅದು ರಂಗಭೂಮಿ. 2013ರಲ್ಲಿ ಅವರು ನಾಟಕಕಾರ, ನಿರ್ದೇಶಕ ಸ್ಟ್ಯಾನ್ ಲಾಯ್ ಅವರ ‘ಎ ಡ್ರೀಮ್ ಲೈಕ್ ಎ ಡ್ರೀಮ್’ ನಾಟಕದಲ್ಲಿ ನಟಿಸಿದರು. ಎಂಟು ಗಂಟೆಗಳ ನಾಟಕ. ಪ್ರೇಕ್ಷಕರಲ್ಲಿ ಕೆಲವರು ನಡುವೆ ತಿರುಗುವ ಕುರ್ಚಿಗಳಲ್ಲಿ ಕುಳಿತಿರುತ್ತಾರೆ, ನಟರು ಅವರ ಸುತ್ತ ನಡೆಯುತ್ತಾರೆ. ಹು ಗೆ ಅವರದು ಐದನೇ ನಂಬರಿನ ರೋಗಿ, ಸಾಯುವ ಮುನ್ನ ವೈದ್ಯೆಗೆ ತನ್ನ ಕಥೆ ಹೇಳುವವನು. ಎಲ್ಲ ದಿಕ್ಕಿನಿಂದಲೂ ಜನ ನೋಡುತ್ತಿರುವಾಗ ಮುಖದ ಯಾವ ಪಕ್ಕವನ್ನು ಮರೆಸಲು ಸಾಧ್ಯ? ಕೂದಲು ಇಳಿಬಿಟ್ಟು ನಿಲ್ಲಲು ಅಲ್ಲಿ ಮೂಲೆಯೇ ಇಲ್ಲ. ದೇಹವನ್ನು ಇಡಿಯಾಗಿ ಪಾತ್ರಕ್ಕೆ ಕೊಡುವುದನ್ನು ಅವರು ಅಲ್ಲಿ ಕಲಿತರು ಎಂಬುದು ನನ್ನ ಗಟ್ಟಿ ನಂಬಿಕೆ.

ಅದಾದ ಮೇಲೆ ವಿಷಬಾಧೆಯಿಂದ ಮೂಳೆ ಕೊರೆಸಿಕೊಂಡು, ಗೆಳೆಯನೂ ಗುರುತಿಸದ ಮುಖ ಹೊತ್ತು ಊರಿಗೆ ಮರಳುವವನ ಕಥೆ ಅವರ ಕೈಗೆ ಬಂತು. ಚೀನಾದ ಪ್ರೇಕ್ಷಕರು 2015ರಲ್ಲಿ ಅದನ್ನು ನೋಡುವಾಗ ಪಾತ್ರದ ಮುಖವನ್ನೂ ನಟನ ಮುಖವನ್ನೂ ಒಟ್ಟಿಗೇ ನೋಡುತ್ತಿದ್ದರು. ಅದೇ ವರ್ಷ, ಕೆಲವೇ ವಾರ ಮೊದಲು, ‘ದ ಡಿಸ್ಗೈಸರ್’ ಪ್ರಸಾರವಾಗಿತ್ತು. ಜಪಾನಿನ ವಶದಲ್ಲಿದ್ದ ಶಾಂಘೈಯಲ್ಲಿ ಗೂಢಚಾರನಾಗುವ ಶ್ರೀಮಂತರ ಮನೆಯ ಮುದ್ದಿನ ಕಿರಿಮಗ ಮಿಂಗ್ ತಾಯ್ ಅದರಲ್ಲಿನ ಪಾತ್ರ. ನಿಮ್ಮ ಜಿಂಗ್‌ಯಾನ್ ಆಗಿದ್ದ ವಾಂಗ್ ಕಾಯ್ ಅಲ್ಲಿ ಅಣ್ಣನ ಸ್ಥಾನದಲ್ಲಿದ್ದಾರೆ. ಎರಡನ್ನೂ ಒಂದಾದ ಮೇಲೊಂದು ನೋಡಿ. ಒಬ್ಬ ಅಕ್ಕನ ಮಡಿಲಿಗೆ ಹಾರಿ ಬೀಳುವವನು, ಇನ್ನೊಬ್ಬ ನಿಟ್ಟುಸಿರನ್ನೂ ಅಳೆದು ಬಿಡುವವನು. ‘ಇವರು ಯಾವಾಗಲೂ ಹೀಗೆಯೇ ಇರುತ್ತಾರೇನೋ’ ಎಂಬ ನಿಮ್ಮ ಅನುಮಾನಕ್ಕೆ ನನ್ನ ಮಾತಿಗಿಂತ ಅದೇ ಒಳ್ಳೆಯ ಉತ್ತರ.

ಅಭಿಮಾನಿಗಳ ವಿಷಯ. ನೀವು ಕೇಳಿದ್ದು ಪೂರ್ತಿ ಸುಳ್ಳಲ್ಲ. ಚೀನಾದಲ್ಲಿ ಅದಕ್ಕೆ ‘ಫ್ಯಾನ್‌ಚ್ವಾನ್’ ಎಂಬ ಹೆಸರೇ ಇದೆ, ಅಂದರೆ ಅಭಿಮಾನಿಗಳ ವೃತ್ತ. ತಮ್ಮ ತಾರೆಯ ಹೆಸರನ್ನು ಪಟ್ಟಿಯಲ್ಲಿ ಮೇಲೇರಿಸಲು ದಿನವೂ ಮತ ಒತ್ತುವುದು, ಟೀಕೆಗಳು ಕಾಣದಂತೆ ಹೊಗಳಿಕೆಯನ್ನು ತುಂಬುವುದು, ಒಂದೇ ಹಾಡನ್ನೋ ಪತ್ರಿಕೆಯನ್ನೋ ಒಬ್ಬರೇ ಹತ್ತಾರು ಪ್ರತಿ ಕೊಳ್ಳುವುದು ನಡೆಯುತ್ತಿತ್ತು. 2021ರಲ್ಲಿ ಒಂದು ತಾರಾ ಸ್ಪರ್ಧೆಯ ಮತದ ಸಂಕೇತವನ್ನು ಹಾಲಿನ ಬಾಟಲಿಯ ಮುಚ್ಚಳದೊಳಗೆ ಇಟ್ಟಿದ್ದರಿಂದ, ಜನ ಮುಚ್ಚಳಕ್ಕಾಗಿ ಬಾಟಲಿ ಕೊಂಡು ಹಾಲನ್ನು ಚರಂಡಿಗೆ ಸುರಿದ ದೃಶ್ಯಗಳು ದೇಶಕ್ಕೆ ದೇಶವನ್ನೇ ಸಿಟ್ಟಿಗೆಬ್ಬಿಸಿದವು. ಅದೇ ವರ್ಷದ ಆಗಸ್ಟಿನಲ್ಲಿ ಸರ್ಕಾರ ತಾರೆಯರ ಶ್ರೇಯಾಂಕ ಪಟ್ಟಿಗಳನ್ನೇ ರದ್ದು ಮಾಡಿತು, ಅಭಿಮಾನಿಗಳನ್ನು ಖರ್ಚಿಗೆ ಪ್ರಚೋದಿಸುವುದನ್ನು ನಿಷೇಧಿಸಿತು. ಹಾಲು ಚೆಲ್ಲಿದ್ದನ್ನು ನೋಡಿ ನನಗೂ ಸಂಕಟವಾಯಿತು. ಅದನ್ನು ನಾನು ಸಮರ್ಥಿಸುವುದಿಲ್ಲ.

ಆದರೆ ಹು ಗೆ ಹೆಸರಾದದ್ದು ಆ ಮತದ ಯಂತ್ರ ಬಲಿಯುವುದಕ್ಕೆ ಎಷ್ಟೋ ಮೊದಲು. ಅವರ ಅಭಿಮಾನಿಗಳಲ್ಲಿ ಅನೇಕರು ಶಾಲೆಯಲ್ಲಿದ್ದಾಗ ಬೇಸಿಗೆ ರಜೆಯಲ್ಲಿ ಲೀ ಶಾವ್ಯಾವ್‌ನನ್ನು ಟಿವಿಯಲ್ಲಿ ಕಂಡು, ಈಗ ಮಕ್ಕಳನ್ನು ಶಾಲೆಗೆ ಕಳಿಸುತ್ತಿರುವವರು. ಅವರು ತಮ್ಮನ್ನು ‘ಹುಜಿಯಾವ್’ ಎಂದು ಕರೆದುಕೊಳ್ಳುತ್ತಾರೆ. ಹಾಗೆಂದರೆ ಕಾಳುಮೆಣಸು. ನಟನ ಮನೆತನದ ಹೆಸರು ‘ಹು’, ಮೆಣಸಿನ ಹೆಸರಿನ ಮೊದಲ ಅಕ್ಷರವೂ ಅದೇ ‘ಹು’. ಹೊರನಾಡಿನಿಂದ ಬಂದದ್ದು ಎಂದು ಸೂಚಿಸಲು ಹಳೆಯ ಚೀನಿಯರು ಬಳಸಿದ ಅಕ್ಷರ ಅದು. ಆ ಹೊರನಾಡು ನಮ್ಮ ಪಶ್ಚಿಮ ಘಟ್ಟದ ಸೆರಗು. ಹದಿನೈದನೇ ಶತಮಾನದಲ್ಲಿ ಚೀನಾದ ನೌಕಾಧಿಪತಿ ಝೆಂಗ್ ಹೆಯ ಹಡಗುಗಳು ಕಲ್ಲಿಕೋಟೆ, ಕೊಚ್ಚಿಯಿಂದ ಹೊತ್ತು ಹೋದ ಸರಕಿನಲ್ಲಿ ಮೆಣಸು ಇತ್ತು. ನಮ್ಮ ಮನೆಯ ಅಡಿಕೆ ಮರಗಳಿಗೆ ಹಬ್ಬಿರುವುದೂ ಅದೇ ಬಳ್ಳಿ. ಈ ಹೆಸರಿನ ಅರ್ಥ ತಿಳಿದ ದಿನ ನಾನು ತೋಟಕ್ಕೆ ಹೋಗಿ ಮೆಣಸಿನ ಒಂದು ಗೊಂಚಲನ್ನು ಕಿತ್ತು ತಂದು ಮೇಜಿನ ಮೇಲೆ ಇಟ್ಟುಕೊಂಡೆ. ದೂರದ ಊರಿನ ನಟನೊಬ್ಬನನ್ನು ಇಷ್ಟಪಡಲು ನನಗೆ ಯಾರ ಅನುಮತಿಯೂ ಬೇಕಿರಲಿಲ್ಲ. ಆದರೂ ಅಂದು ಆಹ್ವಾನವೊಂದು ಸಿಕ್ಕಂತೆ ಸಂತೋಷವಾಯಿತು.

ಅವರು ಅಭಿಮಾನಿಗಳನ್ನು ನಡೆಸಿಕೊಳ್ಳುವ ರೀತಿಯಲ್ಲೂ ಒಂದು ಅಂತರವಿದೆ, ನನಗೆ ಅದು ಹಿಡಿಸುತ್ತದೆ. 2016ರಲ್ಲಿ ಗೋಲ್ಡನ್ ಈಗಲ್ ಪ್ರಶಸ್ತಿ ಪಡೆದಾಗ ಹಿರಿಯ ನಟ ಲೀ ಶುವೆಜಿಯಾನ್ ಅವರ ಸರಳತೆಯನ್ನು ನೆನೆದು, ಈ ಪ್ರಶಸ್ತಿ ಬಂದುದರಿಂದ ತಾನು ಎತ್ತರಕ್ಕೇರಿದೆ ಎಂದಾಗುವುದಿಲ್ಲ, ಈಗಷ್ಟೇ ದಾರಿ ಹಿಡಿದಿದ್ದೇನೆ ಎಂಬರ್ಥದ ಮಾತಾಡಿದರು. ಮರುವರ್ಷ, ಎಲ್ಲರೂ ಅವರ ಕಾಲ್‌ಶೀಟಿಗಾಗಿ ಕಾಯುತ್ತಿದ್ದಾಗ, ಕೆಲಸ ನಿಲ್ಲಿಸಿ ಓದಲು ಅಮೆರಿಕಕ್ಕೆ ಹೋದರು. 2023ರ ಜನವರಿಯಲ್ಲಿ ಮಗಳು ಹುಟ್ಟಿದ ಸುದ್ದಿಯನ್ನು ತಾವೇ ಚುಟುಕಾಗಿ ಬರೆದು ತಿಳಿಸಿದರು. ಮದುವೆಯಾದದ್ದೂ ಬಹುತೇಕರಿಗೆ ಆಗಲೇ ಗೊತ್ತಾಯಿತು.

ಮುಂದೆ ಏನು ನೋಡಬೇಕು ಎಂದೂ ಕೇಳಿದ್ದೀರಿ. 2019ರಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿದ್ದ ‘ದ ವೈಲ್ಡ್ ಗೂಸ್ ಲೇಕ್’ ಚಿತ್ರದಲ್ಲಿ ಅವರು ಪೊಲೀಸರಿಂದ ತಪ್ಪಿಸಿಕೊಂಡು ಅಲೆಯುವ ಕಳ್ಳ. ವುಹಾನ್ ಸೀಮೆಯ ಆಡುನುಡಿಯಲ್ಲಿ ಮಾತನಾಡಿದ್ದಾರೆ. ಮಾತೇ ಕಡಿಮೆ. ಕೊನೆಯ ಭಾಗದಲ್ಲಿ ಹಸಿದು ನೂಡಲ್ಸ್ ತಿನ್ನುವುದನ್ನು ನೋಡಿ: ಮುಖದಲ್ಲಿ ಚೆಲುವನ ಗುರುತೇ ಇಲ್ಲ, ಹಸಿವು ಮಾತ್ರ ಇದೆ. ಚಿತ್ರ ಕತ್ತಲೆಯದು, ಹಿಂಸೆಯದು. ಎಲ್ಲರಿಗೂ ಹಿಡಿಸಲಿಕ್ಕಿಲ್ಲ.

ನಿಮಗೆ ನಾನು ಹೇಳುವುದು ವಾಂಗ್ ಕಾರ್‌ವಾಯ್ ನಿರ್ದೇಶಿಸಿದ ‘ಬ್ಲಾಸಮ್ಸ್ ಶಾಂಘೈ’. 30 ಕಂತುಗಳು, 2023ರ ಡಿಸೆಂಬರ್ 27ರಂದು ಆರಂಭವಾಯಿತು. 1990ರ ದಶಕದ ಆರಂಭದಲ್ಲಿ ಷೇರುಪೇಟೆಯ ಅಲೆ ಹಿಡಿದು ಮೇಲೆ ಬಂದ ‘ಆ ಬಾವ್’ ಎಂಬ ಹೆಸರಿನ ವ್ಯಾಪಾರಿಯ ಕಥೆ. ಹೊಳೆಯುವ ಸೂಟು, ಹೋಟೆಲಿನ ಕೋಣೆ, ಸುತ್ತ ಜನ. ಅಷ್ಟೆಲ್ಲ ಇದ್ದೂ ಅವನು ರಾತ್ರಿ ಪರಿಚಯದ ಚಿಕ್ಕ ಅಂಗಡಿಗೆ ಬಂದು ತಿನ್ನುವುದು ಪಾವ್‌ಫಾನ್, ಉಳಿದ ಅನ್ನಕ್ಕೆ ಬಿಸಿನೀರು ಹಾಕಿದ್ದು. ಬಟ್ಟಲು ಬಾಯಿಗೆತ್ತಿದಾಗ ಅವನ ಭುಜ ಇಳಿಯುವುದನ್ನು ಗಮನಿಸಿ. ಮನೆಗೆ ಬಂದು ತಂಗಳನ್ನಕ್ಕೆ ಮಜ್ಜಿಗೆ ಸುರಿದುಕೊಂಡವರಿಗೆಲ್ಲ ಆ ಭುಜ ಗೊತ್ತು. ಈ ಪಾತ್ರಕ್ಕೆ 2024ರಲ್ಲಿ ಶಾಂಘೈ ಟಿವಿ ಉತ್ಸವದ ಮ್ಯಾಗ್ನೋಲಿಯಾ ಅತ್ಯುತ್ತಮ ನಟ ಪ್ರಶಸ್ತಿ ಬಂತು. ‘ನಿರ್ವಾಣ ಇನ್ ಫೈರ್’ಗೆ 2016ರಲ್ಲಿ ಬಂದದ್ದೂ ಇದೇ ಪ್ರಶಸ್ತಿ. ಎರಡರಲ್ಲಿ ಯಾವುದು ಹೆಚ್ಚು ಎಂಬ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ನನ್ನ ಮತ ಆ ಬಾವ್‌ಗೆ. ಮೆಯ್ ಚಾಂಗ್‌ಸುವಿಗೆ ಕಾಯಿಲೆಯ, ಸೇಡಿನ, ದೊಡ್ಡ ಕಥೆಯ ಬೆಂಬಲವಿತ್ತು. ಆ ಬಾವ್‌ನ ಒಳಗಿನ ಒಂಟಿತನಕ್ಕೆ ಕಥೆ ಯಾವ ವಿವರಣೆಯನ್ನೂ ಕೊಡುವುದಿಲ್ಲ, ನಟನೇ ಅದನ್ನು ಹೊರಬೇಕು.

ನೋಡುವಾಗ ಮ್ಯಾಂಡರಿನ್ ಧ್ವನಿಯನ್ನು ಬಿಟ್ಟು ಶಾಂಘೈ ನುಡಿಯದನ್ನೇ ಆರಿಸಿಕೊಳ್ಳಿ. ಅದು ಹು ಗೆ ಅವರ ಹುಟ್ಟೂರಿನ ಮಾತು. ನಮಗೆ ಎರಡೂ ಅರ್ಥವಾಗುವುದಿಲ್ಲ ನಿಜ, ಆದರೆ ಕುಂದಾಪುರದವರು ಊರಿನ ಕನ್ನಡಕ್ಕೆ ಹೊರಳಿದಾಗ ಬದಲಾಗುವ ದನಿಯನ್ನು ಕೇಳಿದವರಿಗೆ ಇಲ್ಲಿಯೂ ವ್ಯತ್ಯಾಸ ತಿಳಿಯುತ್ತದೆ. ಇನ್ನೊಂದು ಎಚ್ಚರಿಕೆ. ಮೊದಲ ಕಂತಿನ ಆರಂಭದಲ್ಲೇ ಆ ಬಾವ್‌ಗೆ ಕಾರು ಗುದ್ದುತ್ತದೆ. ಆಗ ನಾನು ವಿಡಿಯೊ ನಿಲ್ಲಿಸಿ, ಎದ್ದು ಹೋಗಿ ನೀರು ಕುಡಿದು ಬಂದೆ. 2006ರ ಸಂಗತಿ ಈಗ ನಿಮಗೂ ಗೊತ್ತಿರುವುದರಿಂದ ಮೊದಲೇ ಹೇಳಿಬಿಡುತ್ತಿದ್ದೇನೆ.