ಬೈಕ್ ಟೂರಿಗೆ ಎಂಥ ಬ್ಯಾಕ್‌ಪ್ಯಾಕ್ ಬೇಕು?

ಪ್ರಶ್ನೆ: ಮಂಡ್ಯದಿಂದ ಊಟಿಗೆ ಮೂರು ದಿನದ ಬೈಕ್ ಟೂರ್ ಹೊರಟಿದ್ದೇವೆ. ಹೋದ ಸಲ ಆಫೀಸಿನ ಲ್ಯಾಪ್‌ಟಾಪ್ ಬ್ಯಾಗನ್ನೇ ತುಂಬಿಸಿಕೊಂಡು ಮಡಿಕೇರಿಗೆ ಹೋಗಿದ್ದೆ. ಹುಣಸೂರು ದಾಟುವಷ್ಟರಲ್ಲಿ ಭುಜ, ಕುತ್ತಿಗೆ ಎರಡೂ ಹಿಡಿದುಕೊಂಡವು. ಈ ಸಲ 50 ಲೀಟರಿನ ಟ್ರೆಕ್ಕಿಂಗ್ ಬ್ಯಾಗ್ ತಗೊಂಡರೆ ಸರಿಹೋಗುತ್ತಾ ಸರ್?

ಉತ್ತರ: ಬೇಡ. ಜಾಗ ಇದೆ ಅಂತ ಇನ್ನಷ್ಟು ತುಂಬುತ್ತೀರಿ, ಅಷ್ಟೇ. ಟ್ರೆಕ್ಕಿಂಗ್ ಬ್ಯಾಗು ನಡೆಯುವವರಿಗೆ ಮಾಡಿದ್ದು. ನೆಟ್ಟಗೆ ನಿಂತಾಗ ಅದರ ಭಾರ ಸೊಂಟಕ್ಕೆ ಇಳಿಯುತ್ತದೆ. ಬೈಕ್ ಮೇಲೆ ಕೂತರೆ ತಳ ಸೀಟಿಗೆ ತಗುಲಿ ಇಡೀ ಬ್ಯಾಗು ಮೇಲಕ್ಕೆ ಏಳುತ್ತದೆ, ಹೆಲ್ಮೆಟ್ಟಿನ ಹಿಂಭಾಗಕ್ಕೆ ಗುದ್ದುತ್ತದೆ. ಆಮೇಲೆ ತಲೆ ತಿರುಗಿಸಿ ಹಿಂದೆ ಬರುವ ಲಾರಿ ನೋಡುವುದೂ ಕಷ್ಟ.

20ರಿಂದ 25 ಲೀಟರ್ ಸಾಕು. ತುಂಬಿದ ಮೇಲೆ ನಾಲ್ಕೈದು ಕೆ.ಜಿ. ದಾಟಬಾರದು. ಮಳೆ ಜಾಕೆಟ್, ಪವರ್ ಬ್ಯಾಂಕ್, ಮಾತ್ರೆ, ಕಾಗದಪತ್ರ, ದಾರಿಯಲ್ಲಿ ತಿನ್ನೋಕೆ ಏನಾದರೂ. ಬೆನ್ನಿಗೆ ಇಷ್ಟೇ. ಬಟ್ಟೆ, ಚಪ್ಪಲಿ, ಪಂಕ್ಚರ್ ಕಿಟ್, ಸ್ಪ್ಯಾನರ್ ಎಲ್ಲ ಗಾಡಿಯ ಪಾಲಿಗೆ ಬಿಡಿ. ಹಿಂದಿನ ಸೀಟಿಗೆ ಒಂದು ಟೈಲ್ ಬ್ಯಾಗ್ ಬಿಗಿಯಿರಿ. ಭಾರ ಹೊರೋಕೆ ಅಂತಲೇ ಇಂಜಿನ್ ಇದೆ, ನಿಮ್ಮ ಭುಜ ಯಾಕೆ ಹೊರಬೇಕು?

ಸ್ಪ್ಯಾನರ್ ಬೆನ್ನಿಗೆ ಬೇಡ ಅನ್ನೋಕೆ ಇನ್ನೊಂದು ಕಾರಣವೂ ಇದೆ. ಬಿದ್ದಾಗ ಬೆನ್ನು ನೆಲಕ್ಕೆ ಬಡಿದರೆ, ಬೆನ್ನುಮೂಳೆ ಮತ್ತು ರಸ್ತೆಯ ನಡುವೆ ಏನಿದೆ ಅನ್ನುವುದು ಮುಖ್ಯ. ಟವೆಲ್ ಇದ್ದರೆ ಒಳ್ಳೆಯದೇ. ಡಿಸ್ಕ್ ಲಾಕ್, ಟ್ರೈಪಾಡ್, ಸ್ಟೀಲ್ ಬಾಟಲಿ ಇದ್ದರೆ ಪೆಟ್ಟು ಒಂದೇ ಜಾಗಕ್ಕೆ ಹೋಗುತ್ತದೆ. ನೀಲಗಿರಿ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧ ಇರುವುದರಿಂದ ಸ್ಟೀಲ್ ಬಾಟಲಿ ಒಯ್ಯಲೇಬೇಕು ಅಂತೀರಾ? ಒಯ್ಯಿರಿ, ಆದರೆ ಟೈಲ್ ಬ್ಯಾಗಿನಲ್ಲಿ. ಬೆನ್ನಿಗೇ ನೀರು ಬೇಕಿದ್ದರೆ ಪೈಪಿನಲ್ಲಿ ಹೀರುವ ಮೆತ್ತನೆಯ ನೀರಿನ ಚೀಲ ಸಿಗುತ್ತದೆ.

ಬ್ಯಾಗ್ ಕೊಳ್ಳೋಕೆ ಹೋಗುವಾಗ ಜಾಕೆಟ್ ಹಾಕಿಕೊಂಡು, ಹೆಲ್ಮೆಟ್ ತಗೊಂಡೇ ಹೋಗಿ. ಮೈಸೂರಿನ ಅರಸು ರಸ್ತೆಯ ಅಂಗಡಿಯವರು ನಕ್ಕರೆ ನಗಲಿ. ಒಂದಿಷ್ಟು ಸಾಮಾನು ತುಂಬಿ, ಹೊರಗೆ ನಿಲ್ಲಿಸಿದ ನಿಮ್ಮದೇ ಬೈಕಿನ ಮೇಲೆ ಕೂತು ನೋಡಿ. ತಲೆ ಎತ್ತಿ, ಎರಡೂ ಕಡೆ ತಿರುಗಿಸಿ. ಎಲ್ಲಾದರೂ ಹೆಲ್ಮೆಟ್ ತಗುಲಿದರೆ ಆ ಬ್ಯಾಗ್ ಬೇಡ. ಭುಜದ ಪಟ್ಟಿ ಅಗಲವಾಗಿರಲಿ. ಎದೆಯ ಮೇಲೆ ಬಕಲ್ ಹಾಕುವ ಪಟ್ಟಿ ಇರಲೇಬೇಕು. ಅದಿಲ್ಲದಿದ್ದರೆ ಗಾಳಿಗೆ ಭುಜದ ಪಟ್ಟಿಗಳು ಹೊರಕ್ಕೆ ಜಾರುತ್ತವೆ. ಅದನ್ನು ತಡೆಯೋಕೆ ನಿಮಗೇ ಗೊತ್ತಿಲ್ಲದೆ ಭುಜ ಮೇಲೆತ್ತಿ ಹಿಡಿದಿರುತ್ತೀರಿ. ಹುಣಸೂರಿನ ಹೊತ್ತಿಗೆ ಕುತ್ತಿಗೆ ಹಿಡಿದದ್ದಕ್ಕೆ ಭಾರದ ಜೊತೆ ಇದೂ ಸೇರಿರಬಹುದು.

ಕಟ್ಟಿಕೊಳ್ಳುವ ರೀತಿಯೂ ಮುಖ್ಯ. ನಿಂತುಕೊಂಡು ಬಿಗಿಯಬೇಡಿ, ಬೈಕ್ ಮೇಲೆ ಕೂತ ಮೇಲೆ ಬಿಗಿಯಿರಿ. ಮೊದಲು ಎಲ್ಲ ಪಟ್ಟಿ ಸಡಿಲ ಮಾಡಿ. ಬ್ಯಾಗಿನ ತಳ ಸೀಟಿಗೆ ಸುಮ್ನೆ ತಾಗುವಷ್ಟು ಇಳಿಬಿಡಿ. ಆಗ ಭಾರದ ಒಂದಿಷ್ಟು ಪಾಲು ಸೀಟಿಗೆ ಹೋಗುತ್ತದೆ. ಸೊಂಟದ ಪಟ್ಟಿ ಹಾಕಿ, ಆಮೇಲೆ ಭುಜದ್ದನ್ನು ಬೆನ್ನಿಗೆ ಅಂಟುವಷ್ಟು ಎಳೆಯಿರಿ. ಎದೆಯದು ಕೊನೆಗೆ, ಉಸಿರು ಕಟ್ಟದಷ್ಟು. ಉಳಿದ ಪಟ್ಟಿಯ ತುದಿಗಳನ್ನು ಹಾಗೇ ಬಿಟ್ಟರೆ 80ರ ವೇಗದಲ್ಲಿ ಪಟಪಟ ಹೊಡೆಯುತ್ತವೆ, ಉದ್ದ ಇದ್ದರೆ ಚೈನಿಗೂ ಸಿಗಬಹುದು. ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಬಿಡಿ.

ಹೊರಡುವ ಮುಂಚಿನ ಭಾನುವಾರ ಅದೇ ಬ್ಯಾಗು, ಅದೇ ಭಾರ ಹೊತ್ತು ಚಾಮುಂಡಿ ಬೆಟ್ಟ ಹತ್ತಿ ಇಳಿಯಿರಿ. ತಿರುವಿನಲ್ಲಿ ಬ್ಯಾಗು ಪಕ್ಕಕ್ಕೆ ವಾಲುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. (ಮೇಲೆ ಕೋತಿಗಳಿವೆ, ಜಿಪ್ಪು ತೆಗೆದು ಇಡಬೇಡಿ.) ಮಂಡ್ಯದಿಂದ ಮೈಸೂರಿಗೆ ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಅಲ್ಲಿನ ಹಂಪುಗಳೂ ಒಂದು ಪರೀಕ್ಷೆಯೇ. ಪಟ್ಟಿ ಸರಿಮಾಡುವುದಿದ್ದರೆ ಗುಂಡ್ಲುಪೇಟೆಯಲ್ಲೇ ಟೀ ಕುಡಿಯುವಾಗ ಮಾಡಿ. ಬಂಡೀಪುರದ ಕಾಡಿನೊಳಗೆ ಗಾಡಿ ನಿಲ್ಲಿಸುವಂತಿಲ್ಲ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ರಸ್ತೆಯೇ ಬಂದ್.

ಪ್ರಶ್ನೆ: ವಾಟರ್‌ಪ್ರೂಫ್ ಅಂತ ಹೇಳಿ ಕೊಟ್ಟ ಬ್ಯಾಗು ಕುಶಾಲನಗರದ ಮಳೆಗೇ ಒಳಗೆಲ್ಲ ಒದ್ದೆ. ಮೋಸ ಹೋದೆನಾ? – ಮೈಸೂರಿನ ಓದುಗರು

ಉತ್ತರ: ಅರ್ಧ ಮೋಸ. ಬಟ್ಟೆ ನೀರು ತಡೆದಿರುತ್ತದೆ, ಹೊಲಿಗೆ ಮತ್ತು ಜಿಪ್ಪು ತಡೆದಿರುವುದಿಲ್ಲ. ಬೈಕಿನ ವೇಗಕ್ಕೆ ಮಳೆ ಹನಿ ಒತ್ತಡದಲ್ಲಿ ಬಡಿಯುತ್ತದೆ. ಜೊತೆಗೆ ನಿಮ್ಮ ಬೆನ್ನಿನಿಂದ ಇಳಿಯುವ ನೀರು ತಳದಲ್ಲಿ ನಿಲ್ಲುತ್ತದೆ. ಹೊರಗೆ ಹಾಕುವ ರೇನ್ ಕವರ್ ಬೆನ್ನಿನ ಕಡೆ ತೆರೆದೇ ಇರುತ್ತದೆ, ಗಾಳಿಗೆ ಉಬ್ಬಿ ಹಾರಿಯೂ ಹೋಗುತ್ತದೆ. ಬಾಯಿ ಮಡಚಿ ಸುತ್ತಿ ಬಕಲ್ ಹಾಕುವ ಡ್ರೈ ಬ್ಯಾಗ್ ಒಂದನ್ನು ಬ್ಯಾಗಿನ ಒಳಗೇ ಇಟ್ಟು, ಸಾಮಾನೆಲ್ಲ ಅದಕ್ಕೆ ತುಂಬಿ. ಹೊಸ ಬ್ಯಾಗ್ ಕೊಳ್ಳುವ ಖರ್ಚು ಉಳಿಯಿತು.

ಪ್ರಶ್ನೆ: ಹಿಂದೆ ಹೆಂಡತಿ ಕೂರುತ್ತಾರೆ. ಬ್ಯಾಗು ಯಾರ ಬೆನ್ನಿಗೆ? – ಶ್ರೀರಂಗಪಟ್ಟಣದ ಓದುಗರು

ಉತ್ತರ: ಸಾಧ್ಯವಾದರೆ ಇಬ್ಬರ ಬೆನ್ನಿಗೂ ಬೇಡ. ನಿಮ್ಮ ಬೆನ್ನಿಗಿದ್ದರೆ ಅವರು ಸೀಟಿನ ತುದಿಗೆ ಸರಿಯಬೇಕು. ಅವರ ಬೆನ್ನಿಗಿದ್ದರೆ ನೀವು ಆಕ್ಸಿಲರೇಟರ್ ತಿರುವಿದಾಗಲೆಲ್ಲ ಅವರನ್ನು ಹಿಂದಕ್ಕೆ ಎಳೆಯುತ್ತದೆ. ಎದೆಗೆ ಕಟ್ಟಿಕೊಂಡು ಓಡಿಸುವವರನ್ನೂ ನೋಡಿದ್ದೇನೆ. ಹ್ಯಾಂಡಲ್ ಪೂರ್ತಿ ತಿರುಗಿಸೋಕೆ ಆಗದ ಗಾಡಿ ಓಡಿಸಿದ ಹಾಗೆ ಅದು. ಎರಡೂ ಬದಿಗೆ ಇಳಿಬೀಳುವ ಸ್ಯಾಡಲ್ ಬ್ಯಾಗ್ ಹಾಕಿಸಿ, ಎರಡರಲ್ಲೂ ಭಾರ ಸಮ ಇರಲಿ. ಸೈಲೆನ್ಸರ್ ಇರುವ ಬದಿಯಲ್ಲಿ ಬ್ಯಾಗು ಬಿಸಿ ಪೈಪಿಗೆ ತಾಗದಂತೆ ಕಂಬಿ ಹಾಕಿಸಿ. ಹೊರಟು ಹತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ಇಳಿದು, ಬ್ಯಾಗಿನ ತಳ ಮುಟ್ಟಿ ನೋಡಿ.