ಆಟಿಸಂ ಇರುವ ಮಗನನ್ನು ಸಾಮಾನ್ಯ ಶಾಲೆಗೆ ಹಾಕಬಹುದಾ?

ನೀವು ಬಾಗಲಕೋಟೆ ನವನಗರದಲ್ಲಿದ್ದೀರಿ, ಮಗನಿಗೆ ಆರು ವರ್ಷ, ಆಟಿಸಂ ಇದೆ, ಮಾತು ಇನ್ನೂ ಒಂದೆರಡು ಪದ ಅಷ್ಟೇ. ಒಂದು ಖಾಸಗಿ ಶಾಲೆಯವರು ‘ಇಂಥ ಮಕ್ಕಳಿಗೆ ಬೇರೆ ಶಾಲೆ ಇರ್ತಾವ ನೋಡ್ರಿ’ ಅಂದರಂತೆ. ಈಗಲೇ ಸಾಮಾನ್ಯ ಶಾಲೆಗೆ ಹಾಕಬೇಕಾ, ಇಲ್ಲಾ ಇನ್ನೊಂದು ವರ್ಷ ಮನೆಯಲ್ಲೇ ತಯಾರು ಮಾಡಬೇಕಾ ಅಂತ ಕೇಳಿದ್ದೀರಿ.

ಈಗಲೇ ಹಾಕಿ. ನಾನು ಇದೇ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಶಿಕ್ಷಕಿ, ಅಂದರೆ ಒಂದರಿಂದ ಮೂರನೇ ತರಗತಿ ಮಕ್ಕಳಿಗೆ ಕಾರ್ಡು, ಗುಂಪಿನ ಮೂಲಕ ಕಲಿಸುವವಳು. ಗದ್ದಲದಲ್ಲಿ ಕೂರೋದು, ಪಾಳಿ ಕಾಯೋದು, ಬೇರೆಯವರನ್ನು ನೋಡಿ ಮಾಡೋದು, ಇವು ಹತ್ತು ಮಕ್ಕಳ ನಡುವೆಯೇ ಬರಬೇಕು. ಮನೆಯಲ್ಲಿ ಎಷ್ಟು ತಯಾರು ಮಾಡಿದರೂ ಅಷ್ಟೇ.

ಕಾನೂನು ನಿಮ್ಮ ಕಡೆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ನ್ಯೂನತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ಯಾವುದು ಬೇಕು ಅನ್ನೋದು ನಿಮ್ಮ ಕಡೆಯ ಆಯ್ಕೆ, ಶಾಲೆಯವರದಲ್ಲ. ಆ ಕಾಯ್ದೆಯ ಪಟ್ಟಿಯಲ್ಲಿರುವ 21 ನ್ಯೂನತೆಗಳಲ್ಲಿ ಆಟಿಸಂ ಕೂಡ ಇದೆ. ಯುಡಿಐಡಿ ಕಾರ್ಡ್ (ನ್ಯೂನತೆ ಇರುವವರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇನ್ನೂ ಮಾಡಿಸದಿದ್ದರೆ ಅರ್ಜಿ ಹಾಕಿಬಿಡಿ. ಆದರೆ ಬೇಡ ಅನ್ನುವ ಶಾಲೆಯ ಜೊತೆ ಜಗಳ ಆಡಿ ಸೀಟು ಪಡೆಯೋದು ನನಗಂತೂ ಸರಿ ಕಾಣೋದಿಲ್ಲ. ದಿನಕ್ಕೆ ಐದಾರು ತಾಸು ಮಗು ಇರೋದು ಅವರ ಕೈಯಲ್ಲೇ ಅಲ್ವಾ?

ಶಾಲೆಯ ಹೆಸರು, ಕಟ್ಟಡ ಬಿಡಿ. ಒಂದನೇ ತರಗತಿಯ ಬಾಗಿಲಲ್ಲಿ ನಿಂತು ಅರ್ಧ ತಾಸು ನೋಡಿ. ಎಲ್ಲರೂ ಬೆಂಚಿನ ಮೇಲೆ ಕೂತು ಒಂದೇ ಪುಟವನ್ನು ಒಂದೇ ಸಲ ಬರೆಯುತ್ತಿದ್ದರೆ ನಿಮ್ಮ ಮಗನಿಗೆ ಅದು ಕಷ್ಟ. ಈ ವಿಷಯದಲ್ಲಿ ನಮ್ಮ ಸರ್ಕಾರಿ ಶಾಲೆಗಳನ್ನು ಜನ ಸುಮ್ನೆ ಕಡೆಗಣಿಸುತ್ತಾರೆ. ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಕೆಲವರಿಗೆ ಶಿಕ್ಷಕರ ಪೂರ್ತಿ ಸಹಾಯ, ಕೆಲವರಿಗೆ ಸ್ವಲ್ಪ, ಕೆಲವರಿಗೆ ಜೊತೆಗಾರರ ಸಹಾಯ, ಇನ್ನು ಕೆಲವರು ತಾವೇ ಕಲಿಯುತ್ತಾರೆ. ಕಲಿಕಾ ಏಣಿಯಲ್ಲಿ, ಅಂದರೆ ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಚಾರ್ಟಿನಲ್ಲಿ, ಒಬ್ಬೊಬ್ಬರು ಒಂದೊಂದು ಮೆಟ್ಟಿಲಲ್ಲಿ ಇರುತ್ತಾರೆ. ಹಾಗಾಗಿ ಹಿಂದೆ ಉಳಿದ ಮಗು ಎದ್ದು ಕಾಣೋದಿಲ್ಲ.

ನನ್ನ ತರಗತಿಗೆ ನಿಮ್ಮ ಮಗನಂಥದ್ದೇ ಒಬ್ಬ ಹುಡುಗ ಬಂದಿದ್ದ. ಮಾತಿಲ್ಲ, ಪ್ರಾರ್ಥನೆಯ ಮೈಕ್ ಶುರುವಾದರೆ ಕಿವಿ ಮುಚ್ಚಿಕೊಂಡು ಗೇಟಿನ ಕಡೆ ಓಟ. ಪ್ರಾರ್ಥನೆ ಮುಗಿದ ಮೇಲೆ ಕರೆದುಕೊಂಡು ಬನ್ನಿ ಅಂದೆ, ಅರ್ಧ ತೊಂದರೆ ಅಲ್ಲೇ ಹೋಯಿತು. ನಲಿ-ಕಲಿ ಕಾರ್ಡುಗಳ ಮೇಲೆ ಚಿತ್ರದ ಲೋಗೋ ಇರುತ್ತೆ, ಅದೇ ಲೋಗೋ ಏಣಿಯ ಮೇಲೂ ಇರುತ್ತೆ. ಇವನು ಯಾವ ಕಾರ್ಡು ಯಾವ ತಟ್ಟೆಯದು (ಯಾವ ಗುಂಪಿನದು) ಅಂತ ಎಲ್ಲರಿಗಿಂತ ಬೇಗ ಹಿಡಿದ. ಒಬ್ಬಳು ಬಂದು ‘ಅಕ್ಕೋರ, ಅವಾ ಓದಂಗಿಲ್ರಿ, ಆದ್ರ ನಮ್ಮ ಕಾರ್ಡ್ ಅವನ ಹುಡುಕಿ ಕೊಡ್ತಾನ’ ಅಂದಳು. ಅವತ್ತಿನಿಂದ ಕಾರ್ಡು ಹಂಚುವ ಕೆಲಸ ಅವನದೇ. ಮಕ್ಕಳು ಅವನ ಹತ್ತಿರ ಹೋಗಲೇಬೇಕಾಯಿತು, ಅವನೂ ಅವರ ಮುಖ ನೋಡಲೇಬೇಕಾಯಿತು.

ಇನ್ನೊಂದು ಸಣ್ಣ ವಿಷಯ. ಶಾಲೆಯಲ್ಲಿ ಒಂದಕ್ಕೆ ಹೋಗಬೇಕಾದರೆ ಎಲ್ಲ ಮಕ್ಕಳೂ ಕಿರುಬೆರಳು ಎತ್ತುತ್ತಾರೆ. ನಿಮ್ಮ ಮಗನಿಗೆ ಬೇರೆ ಸನ್ನೆ ಕಲಿಸಬೇಡಿ, ಇದನ್ನೇ ಕಲಿಸಿ. ಮಾತಾಡುವ ಮಕ್ಕಳೂ ಮಾಡುವ ಸನ್ನೆ ಇದು.

ಶಿಕ್ಷಕಿಗೆ ಆಸ್ಪತ್ರೆಯ ದಪ್ಪ ಫೈಲ್ ಕೊಡಬೇಡಿ. ನಾನೂ ಅವನ್ನು ಪೂರ್ತಿ ಓದಿದವಳಲ್ಲ. ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಡಿ: ಯಾವ ಸದ್ದಿಗೆ ಹೆದರುತ್ತಾನೆ, ಹಟ ಬಂದಾಗ ಏನು ಮಾಡಿದರೆ ಇಳಿಯುತ್ತೆ, ಬಿಸಿಯೂಟದಲ್ಲಿ ಏನು ತಿನ್ನೋದಿಲ್ಲ, ಗೇಟು ದಾಟಿ ಓಡುವ ಅಭ್ಯಾಸ ಇದೆಯಾ. ಕೊನೆಯದನ್ನು ಮುಚ್ಚಿಡಬೇಡಿ. ಶುರುವಿನಲ್ಲಿ ಮಧ್ಯಾಹ್ನದ ಊಟದವರೆಗೆ ಸಾಕು. ನೀವು ಜೊತೆಗಿರಬೇಕಾಗಿ ಬಂದರೆ ವರಾಂಡದಲ್ಲಿರಿ. ಅಮ್ಮ ಪಕ್ಕದಲ್ಲೇ ಕೂತರೆ ಬೇರೆ ಮಕ್ಕಳು ಹತ್ತಿರ ಬರೋದಿಲ್ಲ.

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಬಿಐಇಆರ್‌ಟಿ ಅನ್ನುವ ಶಿಕ್ಷಕರನ್ನು ಕೇಳಿ. ವಿಶೇಷ ಅಗತ್ಯವಿರುವ ಮಕ್ಕಳ ಸಲುವಾಗಿ ತಾಲ್ಲೂಕು ಮಟ್ಟದಲ್ಲಿ ಇರುವವರು ಅವರೇ. ಆದರೆ ಒಬ್ಬರಿಗೆ ಬಹಳ ಶಾಲೆ, ದಿನಾ ಬರ್ತಾರೆ ಅಂದುಕೊಳ್ಳಬೇಡಿ. ಒಂದು ಶಾಲೆಯಲ್ಲಿ ಮೂರೂ ತರಗತಿಗೆ ಒಬ್ಬರೇ ಶಿಕ್ಷಕಿ, ಮಕ್ಕಳು ಐವತ್ತು ಅಂತಿದ್ದರೆ ಅವರು ಎಷ್ಟೇ ಒಳ್ಳೆಯವರಿದ್ದರೂ ಬೇರೆ ಶಾಲೆ ನೋಡಿ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಹೇಳೋದೇ ಒಬ್ಬ ಶಿಕ್ಷಕರಿಗೆ 30 ಮಕ್ಕಳು ಅಂತ.

ಎಲ್ಲ ಮಕ್ಕಳಿಗೂ ನಾನು ಇದನ್ನೇ ಹೇಳೋದಿಲ್ಲ. ಕಿವಿ ಸ್ವಲ್ಪವೂ ಕೇಳದ ಮಗುವನ್ನು ಸನ್ನೆ ಭಾಷೆ ಯಾರಿಗೂ ಬಾರದ ಕ್ಲಾಸಿನಲ್ಲಿ ಕೂರಿಸಿದರೆ ಅದು ಒಂಟಿಯಾಗುತ್ತೆ. ಅಂಥವರಿಗೆ ಮೊದಲ ಕೆಲವು ವರ್ಷ ವಿಶೇಷ ಶಾಲೆಯೇ ವಾಸಿ. ನಿಮ್ಮ ಮಗನ ವಿಷಯ ಹಾಗಲ್ಲ.

ನಿಮಗೆ ನಿಜವಾದ ಕಷ್ಟ ಬರೋದು ನಾಲ್ಕನೇ ತರಗತಿಗೆ. ಕಾರ್ಡು, ಗುಂಪು ಎಲ್ಲ ಹೋಗಿ ಪಠ್ಯಪುಸ್ತಕ, ಬೋರ್ಡು ಶುರುವಾಗುತ್ತೆ. ಮೂರನೇ ತರಗತಿಯ ದಸರಾ ರಜೆ ಮುಗಿದ ಮೇಲೆ ನಾಲ್ಕನೇ ತರಗತಿಯ ಶಿಕ್ಷಕರನ್ನು ವಾರಕ್ಕೊಮ್ಮೆಯಾದರೂ ಅವನ ಜೊತೆ ಕೂರೋಕೆ ಕೇಳಿಕೊಳ್ಳಿ. ಹೆಡ್‌ಮಾಸ್ಟರ್ ಮನಸ್ಸು ಮಾಡಿದರೆ ಇದು ದೊಡ್ಡ ವಿಷಯವೇನಲ್ಲ.